ಕರಿಕೆಗೆ ಎಷ್ಟು?

ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ಮೊಯ್ದು ಕಾಕನ ಸೈಕಲ್ ಶಾಪು.
ನನ್ನ ಸೈಕಲ್ಲು ತಲೆಕೆಳಗಾಗಿ ನಿಂತಿದೆ,
ಹಿಂದಿನ ಚಕ್ರ ಎಲ್ಲಿಗೂ ಹೋಗದೆ ತಿರುಗುತ್ತಿದೆ.

"ಕಡಲಿಂದ ಮೈಸೂರಿಗೆ. ಸರಿ.
ಯಾವ ಘಾಟಿ, ಕಂಡಕ್ಟರಮ್ಮ?"

ಮೂರಿವೆ. ಹಳೇ ಟ್ರಿಪ್ ಶೀಟಿನ ಬೆನ್ನಿಗೆ ಬರೆದು ತಂದಿದ್ದೇನೆ.

ಸಂಪಾಜೆ:
ಹತ್ತೊಂಬತ್ತು ವರ್ಷ ಜನರನ್ನು ಹತ್ತಿಸಿ ಇಳಿಸಿದ ದಾರಿ.
ಕೊಯನಾಡು ಕಳೆದರೆ ಎಳೆ ಮಕ್ಕಳು ವಾಂತಿ ಮಾಡುವ ತಿರುವು.
ಜೋಡುಪಾಲದಲ್ಲಿ, ಗುಡ್ಡ ಜರಿದ ವರ್ಷದಿಂದ,
ಫೋನಿನಲ್ಲಿ ಕಿರುಚುತ್ತಿದ್ದವರೂ ಒಂದು ಗಳಿಗೆ ದನಿ ತಗ್ಗಿಸುತ್ತಾರೆ.
ಅಲ್ಲಿ ಟ್ಯಾಂಕರುಗಳು ಸೈಕಲ್ಲಿಗೆ ಒಂದು ಮೊಳ ಜಾಗ ಬಿಡವು.

ಮಾಕುಟ್ಟ:
ತಲಶ್ಶೇರಿಯ ಕಡಲು, ಇರಿಟ್ಟಿ, ಕೂಟುಪುಳದ ಸೇತುವೆ,
ಆಮೇಲೆ ಮಟಮಟ ಮಧ್ಯಾಹ್ನವೂ ಮಬ್ಬಾಗಿರುವ ಕಾಡು.
"ಐದರ ಮೇಲೆ ಕಾಲಿಡಬೇಡ," ಅನ್ನುತ್ತಾನೆ ಕಾಕ,
"ಅಲ್ಲಿ ಆನೆಗೆ ಪಾಸುಂಟು. ನಿನಗಿಲ್ಲ."

ಮೂರನೆಯದು ಕರಿಕೆ.
ಅದರ ಮುಂದೆ ನಾನು ಏನೂ ಬರೆದಿಲ್ಲ.

ಜನಕ್ಕೆ ಗೊತ್ತಿಲ್ಲ, ಕಂಡಕ್ಟರು ದಾರಿ ನೋಡುವುದಿಲ್ಲ.
ದಾರಿ ಡ್ರೈವರ್ ದ್ಯಾವಪ್ಪನ ಪಾಲು.
ನಾನು ಮುಖ ಮಾಡಿ ನಿಂತದ್ದು ಸೀಟುಗಳ ಕಡೆಗೆ:
ಕೋಳಿ ಬುಟ್ಟಿ, ತೂಕಡಿಕೆ, ಕಿತ್ತಳೆ ಚೀಲ,
ಎರಡು ಸ್ಟೇಜಿಗೆ ಐನೂರರ ನೋಟು.
ಹಿಂದಿನ ಗಾಜಿನಲ್ಲಿ ಬೆಟ್ಟ, ಬೇಲಿ,
ಏಪ್ರಿಲ್ಲಿನ ಒಂದು ಮಳೆಗೆ ಬೆಳ್ಳಗಾದ ಕಾಫಿ ಹೂ,
ನನಗೆ ಕಂಡದ್ದೆಲ್ಲ ಆಗಲೇ ದಾಟಿಹೋದದ್ದು.
ಸುಂಟಿಕೊಪ್ಪ ಒಂದು ದರ. ಕುಶಾಲನಗರ ಒಂದು ದರ.
ಮಡಿಲ ಮಗುವಿಗೆ ಟಿಕೆಟ್ಟಿಲ್ಲ, ಮೂಟೆಗೆ ಉಂಟು.

ಸೈಕಲ್ಲಿನಲ್ಲಾದರೂ ಮುಂದಿನದು ಕಂಡೀತು ಅಂದೆ.
ಕಾಕ ನಕ್ಕ, ಹಲ್ಲಲ್ಲಿ ಕಚ್ಚಿದ ಸ್ಪೋಕು ಬಿಡದೆ.

"ಹತ್ತುವವರಿಗೆ ಕಾಣುವುದು ಡಾಂಬರು,
ಮುಂದಿನ ಚಕ್ರ, ಮೂಗಿನ ತುದಿಯ ಬೆವರು.
ಕಣಿವೆ ಪೂರಾ ಬೆನ್ನ ಹಿಂದೆ.
ಇಳಿಯುವವರಿಗೆ ಗುಂಡಿ, ಬ್ರೇಕು. ಕಣ್ಣೆತ್ತಿದರೆ ಕೆಟ್ಟರು."

"ಮತ್ತೆ ಚೆಂದ ನೋಡುವುದು ಯಾವಾಗ?"

"ಇಳಿದು ತಳ್ಳುವಾಗ."

ಹದಿನೇಳರ ವಯಸ್ಸಿಗೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು
ಮಾಕುಟ್ಟ ತಳ್ಳಿದವನಂತೆ.
ಐಸು ಕರಗಿ ಮೀನಗಾಲಿಗೆ ಇಳಿಯುತ್ತಿತ್ತಂತೆ,
ಬೂತಾಯಿಯ ನಾತಕ್ಕೆ ಮನುಷ್ಯರು ಹತ್ತಿರ ಬಾರದೆ
ನೋಡುವುದಕ್ಕೆ ಗುಡ್ಡ ಮಾತ್ರ ಉಳಿಯುತ್ತಿತ್ತಂತೆ.
ಹೇಳುತ್ತ ಹೇಳುತ್ತ ನಟ್ಟು ಬಿಗಿಯುವುದನ್ನೇ ಮರೆತ.

ಒಮ್ಮೆ ಮಡಿಕೇರಿ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ,
ನಾಣ್ಯಗಳನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು,
"ಕರಿಕೆಗೆ ಎಷ್ಟು?" ಎಂದು ಕೇಳಿದ್ದ.
ಈ ಬಸ್ಸಲ್ಲ, ಅಂದಿದ್ದೆ. ರೈಟ್ ಕೊಟ್ಟಿದ್ದೆ.
ಎಷ್ಟೆಂದು ನನಗೂ ಗೊತ್ತಿರಲಿಲ್ಲ.
ನನ್ನ ಡ್ಯೂಟಿ ಎಂದೂ ಆ ಕಡೆ ಬೀಳಲಿಲ್ಲ.

ಅದೇ ಸಾಕು. ಪೆನ್ನು ತೆಗೆದು ಬರೆದೆ:
ಕಾಞಂಗಾಡಿನ ಮರಳು, ಪಾಣತ್ತೂರು, ಕರಿಕೆ,
ಭಾಗಮಂಡಲದಲ್ಲಿ ಒಂದು ರಾತ್ರಿ,
ನಾಪೋಕ್ಲು, ಮೂರ್ನಾಡು, ಸಿದ್ದಾಪುರ,
ಮಾಲ್ದಾರೆಯ ಕಾಡನ್ನು ಬಿಸಿಲಿರುವಾಗಲೇ ದಾಟಿ ಪಿರಿಯಾಪಟ್ಟಣ,
ಅಲ್ಲಿಂದ ಮೈಸೂರು, ಚಪ್ಪಟೆ ನೆಲ, ಕಣ್ಣು ಮುಚ್ಚಿಯೂ ಬಲ್ಲೆ.

ಬ್ರೇಕ್ ಶೂ ಎರಡು ಜೊತೆ ಕೊಂಡೆ.
ಕಾಕ ಕೇಳಿದಷ್ಟನ್ನೂ ಚಿಲ್ಲರೆಯಲ್ಲೇ ಎಣಿಸಿ ಕೊಟ್ಟೆ,
ಬೆರಳಿಗೆ ಅಭ್ಯಾಸ.

ಸೀಟಿಯನ್ನು ಡಿಪೋಗೆ ಹಿಂತಿರುಗಿಸಿಲ್ಲ.
ಕೊರಳಿಗೆ ಕಟ್ಟಿಕೊಂಡೇ ಹೋಗುತ್ತೇನೆ.
ಕರಿಕೆಯ ಮೇಲಿನ ಯಾವುದೋ ತಿರುವಿನಲ್ಲಿ,
ಉಸಿರು ಮಿಕ್ಕಿದ್ದರೆ,
ಒಂದು ಸಲ ಊದಿ
ಹೋಲ್ಡಾನ್ ಅನ್ನಬೇಕು.
ಇಳಿಯೋರು ಇಳೀರಿ.