ಕೋಳಿ ಕೂತ ಗೋಡೆ

ಪುಸ್ತಕದಲ್ಲಿ ಬರೆದಿತ್ತು: ಫಲಕದ ಮುಖ ದಕ್ಷಿಣಕ್ಕಿರಲಿ.
ಎರ್ಮಿಂದಾ ಅಕ್ಷರ ನಂಬುವ ಹೆಂಗಸು.
ಇಟ್ಟಳು.

ಚಿಲೋಯೆಯ ಸೆರಗಿಗಂಟಿದ ನಮ್ಮೀ ನಡುಗಡ್ಡೆಗೆ
ತೆಂಕಣದಿಂದ ಬರುವುದು ಹಿಮಗಡ್ಡೆ ನೆಕ್ಕಿದ ಗಾಳಿಯೊಂದೇ.
ಇಗರ್ಜಿಯ ತೆಂಕು ಗೋಡೆಯ ಹಲಗೆಗಳಿಗೆ
ನಮ್ಮಜ್ಜನ ಕಾಲದ ಪಾಚಿ.
ಮೂರು ದಿನ ಮೀಟರಿನ ಮುಳ್ಳು
ಒಮ್ಮೆ ಮಿಸುಕಿ, ಮಗ್ಗುಲಾಗಿ, ಮಲಗಿಬಿಟ್ಟಿತು.

ಬೈದಳು:
ಫಲಕವನ್ನು, ಅದನ್ನು ಮಾರಿದ ಕಾಸ್ತ್ರೋ ಪೇಟೆಯವನನ್ನು,
ಪಕ್ಕದಲ್ಲಿ ಟಾರ್ಚು ಹಿಡಿದು ನಿಂತ ನನ್ನನ್ನು.
ಬ್ಯಾಟರಿಗಳೋ, ಮುಚ್ಚಿಹೋದ ಸಾಲ್ಮನ್ ಸಾಕಣೆಯ
ದೋಣಿಗಳಿಂದ ಕಳಚಿ ತಂದವು, ನಾಲ್ಕು,
ಒಂದಕ್ಕೆ ಆಗಲೇ ಉಬ್ಬಸ.
'ನನ್ನ ಗಂಡನಿಗೂ ಇತ್ತು,' ಅಂದಳು,
'ಹನ್ನೊಂದು ವರ್ಷ ನಡೆಸಿದ.'

ನಾಲ್ಕನೆಯ ದಿನ ಕಣ್ಣಿಗೆ ಬಿದ್ದದ್ದು ಕೋಳಿ.
ಬೂದು ಕೋಳಿ, ಕುಂಟಿ.
ಆಲೂಗಡ್ಡೆ ಕೊಟ್ಟಿಗೆಯನ್ನು ಸುತ್ತಿ ಬಂದು
ಬಡಗು ಗೋಡೆಗೆ ಬೆನ್ನು ಕೊಟ್ಟು
ರೆಕ್ಕೆ ಹರವಿ, ಕಣ್ಣು ಅರೆಮುಚ್ಚಿ,
ಇಡೀ ಮಧ್ಯಾಹ್ನವನ್ನು ಗುಟುಕು ಗುಟುಕಾಗಿ ಕುಡಿಯುತ್ತಿತ್ತು.

'ಇದನ್ನು ಬರೆದವನು ಭೂಮಿಯ ಆಚೆ ಹೊಟ್ಟೆಯ ಮೇಲಿದ್ದಾನೆ.
ಅವನ ದಿಕ್ಕು ಅವನಿಗೆ,
ನನಗೆ ಕೋಳಿಯೇ ದಿಕ್ಕು.'

ಆದರೆ ಮಾಡು ಇಳಿದದ್ದು ಮೂಡು ಪಡುವಕ್ಕೆ.
ಕಂಬ ನೆಟ್ಟು ನಿಲ್ಲಿಸೋಣವೆಂದರೆ
ಆಗಸ್ಟಿನ ಗಾಳಿ ಫಲಕ ಕಿತ್ತು ಕಡಲಿಗೆ ಕೊಡುತ್ತದೆ.
ಉಳಿದದ್ದು ಒಂದೇ ದಾರಿ.
ನಮ್ಮಲ್ಲಿ ಅದು ಹುಚ್ಚಲ್ಲ,
ಮನೆಗಳು ಇಲ್ಲಿ ಎಷ್ಟೋ ಸಲ ನಡೆದಿವೆ.
ಏಳು ಜೋಡಿ ಎತ್ತು ಬಂದವು, ಅಡಿಗೆ ದಿಮ್ಮಿ, ಸುತ್ತ ಹಗ್ಗ,
ಎರ್ಮಿಂದಾಳ ಕುರಿಸಾರು, ಸೇಬಿನ ಹುಳಿಗಳ್ಳು, ಹೋ ಎನ್ನುವ ಕೂಗು.
ಒಲೆಯ ಬೆಂಕಿಯನ್ನೂ ಆರಿಸದೆ
ಮನೆ ಕಾಲು ಸುತ್ತು ತಿರುಗಿತು,
ನಿದ್ದೆಯಲ್ಲಿ ಮುದುಕಿ ಹೊರಳಿದಂತೆ.
ಕೋಳಿ ತನ್ನ ಗೋಡೆಯನ್ನು ಹುಡುಕುತ್ತ
ಎರಡು ಸಲ ಪ್ರದಕ್ಷಿಣೆ ಹಾಕಿತು.
ಗೋಡೆ ಬೇರೆ, ಬಿಸಿಲು ಅದೇ. ಕೂತಿತು.

ಮೊಮ್ಮಗನ ಕೋನಮಾಪಕಕ್ಕೆ ದಾರ, ದಾರಕ್ಕೆ ಬಲೆಯ ಸೀಸದ ಗುಂಡು:
ಹೀಗೆ ಅಳೆದು, ಬೆಣೆ ಕೊಟ್ಟು, ಫಲಕಕ್ಕೆ ಚಳಿಗಾಲದ ಓರೆ.
ಮೊದಲು ಬ್ಯಾಟರಿ, ಆಮೇಲೆ ಫಲಕ,
ಜಪದ ಹಾಗೆ ಹೇಳಿಕೊಳ್ಳುತ್ತ ತಂತಿ ಬಿಗಿದಳು.
ಒಂದು ಕಿಡಿ ಹಾರಿತು. ನಾನು ಹಿಂದೆ ಸರಿದೆ, ಅವಳು ಸರಿಯಲಿಲ್ಲ.
ಮುಳ್ಳು ಎದ್ದಿತು.

ಆ ಸಂಜೆ ಊರೆಲ್ಲ ಅಡುಗೆಮನೆಯಲ್ಲಿ.
ಸ್ವಿಚ್ಚು ಒತ್ತಿದಳು.
ಬಲ್ಬು ಹತ್ತಿತು. ನಾವು ಚಪ್ಪಾಳೆ ತಟ್ಟಿದೆವು.
ಅವಳು ಮಾತ್ರ ತಲೆಯೆತ್ತಿ ನೋಡುತ್ತಿದ್ದಳು:
ತೊಲೆಗೆ, ಮೂಲೆಗೆ, ಮದುವೆಯ ಪಟಕ್ಕೆ
ನಲವತ್ತು ವರ್ಷದ ಸೀಮೆಎಣ್ಣೆ ಮಸಿ,
ಜೇಡರ ಬಲೆ ಕಪ್ಪು ಜಾಲರಿಯಾಗಿ ತೂಗುತ್ತಿತ್ತು.

ಟಕ್ಕನೆ ಆರಿಸಿದಳು.
'ಎಲ್ಲರೂ ಹೊರಗೆ ನಡೆಯಿರಿ.
ನಾಳೆ ಬನ್ನಿ.'

ಅಂಗಳದಲ್ಲಿ ನಿಂತು ಕೇಳಿಸಿಕೊಂಡೆವು:
ಕತ್ತಲಲ್ಲೇ, ಅಭ್ಯಾಸದ ಕೈಯಿಂದ,
ಪೊರಕೆಯ ಸದ್ದು.