ಎನ್ ಮೈನಸ್ ಒಂದು

ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ದೊಡ್ಡ ನಮಸ್ಕಾರ ಹಾಕಿ
ಮನಸ್ಸಿನ ಕಡೆ ಓಡಿ ಬಂದವಳು ನಾನು.
ಮನಸ್ಸಿಗೆಂತ ಲೆಕ್ಕ ಅಂತ.
ಎಂ.ಎಸ್ಸಿ.ಯ ಮೊದಲ ಸೋಮವಾರವೇ
ವೀಡಾ ಮೇಡಂ ಬೋರ್ಡಿನಲ್ಲಿ ಸಿಗ್ಮಾ ಬರೆದರು.
ಬಾಯಿ ತೆರೆದ ಬಂಗುಡೆಯ ಹಾಗೆ
ಅದು ನನ್ನನ್ನೇ ನೋಡಿತು.

ಸರಾಸರಿ ಸುಲಭ. ಕೂಡಿಸು, ಭಾಗಿಸು.
ಅದರಿಂದ ಯಾರು ಎಷ್ಟು ದೂರ, ಅದೂ ಹೇಗೋ ಆಯಿತು.
ಆದರೆ ಹತ್ತು ಜನ ಇರುವಾಗ
ಒಂಬತ್ತರಿಂದ ಯಾಕೆ ಭಾಗಿಸುವುದು?
"ಸ್ವಾತಂತ್ರ್ಯದ ಪ್ರಮಾಣ" ಎಂದರು ಮೇಡಂ, ವಾಚು ನೋಡುತ್ತ.
"ಸರಾಸರಿ ಒಮ್ಮೆ ನಿಂತಿತೋ,
ಒಂಬತ್ತು ಜನ ಏನು ಬೇಕಾದರೂ ಆಗಬಹುದು.
ಹತ್ತನೆಯವರಿಗೆ ಆಯ್ಕೆ ಇಲ್ಲ."
ಬರೆದುಕೊಂಡೆ. ತಲೆಗೆ ಹೋಗಲಿಲ್ಲ.
ಪಕ್ಕದ ರಿಜ್ವಾನಾಳಿಗೂ ಹೋಗಲಿಲ್ಲ; ಅವಳು ಪುಟದ ಅಂಚಿನಲ್ಲಿ
ಬೆನ್ನು ಉಬ್ಬಿಸಿದ ಬೆಕ್ಕು ಬಿಡಿಸಿದಳು,
ಎರಡೂ ಕಡೆ ಬಾಲ.

ಕಂಕನಾಡಿಯಿಂದ ಫರಂಗಿಪೇಟೆ, ನಿಂತುಕೊಂಡೇ.
ಜಗಲಿಯಲ್ಲಿ ಅಮ್ಮ, ಮಡಿಲಲ್ಲಿ ತಡ್ಪೆ,
ಎಲೆ, ಹೊಗೆಸೊಪ್ಪು, ನೂಲು.
ನಾಳೆ ಬ್ರಾಂಚಿಗೆ ಎಂಟುನೂರು ಬೀಡಿ ಹೋಗಬೇಕು.
"ಇವತ್ತು ಎಂತ ಕಲಿಸಿದರು?"
ಹೇಳಿದೆ. ಬೆರಳು ನಿಲ್ಲಲಿಲ್ಲ.
"ಚೆಕ್ಕರು ಒಂದು ಕಟ್ಟು ಬಿಚ್ಚಿ ನೋಡಿ
ಇಡೀ ದಿನದ್ದು ಬಿಸಾಡ್ತಾನಲ್ಲ, ಅಂಥದ್ದಾ?"
ಅದು ಸ್ಯಾಂಪಲ್, ಅಮ್ಮ. ಮುಂದಿನ ಪಾಠ.
"ಹಾಗಾದರೆ ಅವನೂ ಎಂ.ಎಸ್ಸಿ.ಯೇ" ಅಂದಳು.

ರಾತ್ರಿ ಬೂತಾಯಿ ಸಾರು. ಹದಿನಾಲ್ಕು ಮೀನು, ನಾವು ಐವರು.
ತಲೆಗೆ ಎರಡು ಪಾಯಿಂಟ್ ಎಂಟು.
ಅಪ್ಪನಿಗೆ ನಾಲ್ಕು. ಅಜ್ಜಿಗೆ ಮುಳ್ಳು ಬಿಡಿಸಿ ಎರಡು.
ಸುಜಯ ಕೇಳಿ ಹಾಕಿಸಿಕೊಂಡದ್ದು ಒಂದು, ಕೇಳದೆ ಮೂರು.
ನನಗೆ ಮೂರು, ಹೌದು, ನಾನೂ ತಿಂದೆ.
ಅಮ್ಮ ಕೊನೆಗೆ ಕೂತು ಪಾತ್ರೆ ಓರೆ ಮಾಡಿದಳು.
ಒಂದು.

ಯಾರೂ ಲೆಕ್ಕ ಹಾಕಿ ಅವಳಿಗೆ ಕೊಟ್ಟದ್ದಲ್ಲ.
ನಾವು ನಾಲ್ವರು ಬೇಕಾದ ಹಾಗೆ ಉಂಡೆವು, ಅಷ್ಟೆ.

ಕೈ ತೊಳೆದು ನೋಟ್ಸ್ ತೆಗೆದೆ.
ಪರೀಕ್ಷೆಗೆ ಬಂದರೆ ಈಗ ಬರೆಯಬಲ್ಲೆ,
ಐದು ಅಂಕಕ್ಕೆ, ಉದಾಹರಣೆ ಸಹಿತ.

ಮರುದಿನ ನನ್ನ ಪಾಲಿನದ್ದೊಂದು ಮೀನು
ಪಾತ್ರೆಯಲ್ಲೇ ಬಿಟ್ಟು ಎದ್ದೆ.
ಅಮ್ಮ ಅದನ್ನೆತ್ತಿ
ಸುಜಯನ ಬಟ್ಟಲಿಗೆ ಹಾಕಿದಳು.