ಬಚ್ಚಲ ಕಿಟಕಿಗೆ ಹಾಳೆ

ಕರಗಂದಾದ ನಮ್ಮ ಐದಂತಸ್ತಿನ ಕಟ್ಟಡದಲ್ಲಿ
ಪ್ರತಿ ಮನೆಗೂ ಒಂದು ಹುಚ್ಚು ಕಿಟಕಿ:
ಆಕಾಶಕ್ಕಲ್ಲ, ಬೀದಿಗಲ್ಲ,
ಅಡುಗೆಮನೆಯಿಂದ ಬಚ್ಚಲಿಗೆ ತೆರೆದದ್ದು,
ಕೆಳಅಂಚು ನನ್ನ ಗಲ್ಲದ ಮಟ್ಟಕ್ಕೆ.
ಯಾಕಿಟ್ಟರೋ.
ಕರೆಂಟು ಉಳಿಸಲಿಕ್ಕೆ ಅಂತ ಕೆಳಮನೆಯ ಲ್ಯುದ್ಮಿಲಾ,
ಕ್ಷಯದ ಹುಳು ಬೆಳಕಿಗೆ ಸಾಯಲಿ ಅಂತ ಅವಳ ಗಂಡ.
ಕಟ್ಟಿದವರು ಸತ್ತರು; ಕಿಟಕಿ ಇದೆ.

ಜನವರಿಯಲ್ಲಿ ಹದಿಮೂರು ತುಂಬಿದ ಅಕ್ಬೋತಾ
ಚಮಚ ಕೆಳಗಿಟ್ಟು ಹೇಳಿದಳು:
"ಗೋಡೆಗೆ ಕಿವಿ ಇರುತ್ತೆ ಅಂತಾರೆ,
ನಮ್ಮ ಗೋಡೆಗೆ ಕಣ್ಣೇ ಇದೆಯಲ್ಲಮ್ಮ.
ಮುಚ್ಚು. ಇಲ್ಲದಿದ್ದರೆ ನಾನು ಸ್ನಾನ ಬಿಟ್ಟೆ."

ಬಜಾರಿನ ಮೂರನೇ ಸಾಲು, ನೆಲ್ಯಾ ಖೆಗಾಯಳ ಅಂಗಡಿ.
ಹೊರಗೆ ಮೈನಸ್ ಇಪ್ಪತ್ತೆಂಟು. ಕೈಗವಸು ತೆಗೆಯದೆಯೇ
ಸುರುಳಿ ಬಿಚ್ಚಿ ಬಿಚ್ಚಿ ಹರವಿದಳು:
ಬಿದಿರೆಲೆಯದು, ಚರ್ಚಿನ ಬಣ್ಣದ ಗಾಜಿನಂಥದು,
ಉದ್ದುದ್ದ ಗೀರಿನದು, ಬರೀ ಮಂಜಿನದು,
ಒಂದು ಅಪ್ಪಟ ಕಪ್ಪು.
"ಕನ್ನಡಿ ಹಾಳೆ ಬೇಡ," ಎಂದಳು, ನಾನು ಕೇಳುವ ಮೊದಲೇ,
"ಅದು ಕತ್ತಲಲ್ಲಿ ಕೂತವರ ಪಕ್ಷ.
ಎಲ್ಲಿ ದೀಪ ಉರಿಯುತ್ತೋ ಅಲ್ಲಿಯವರೇ ಬಯಲು.
ಹಗಲು ಕಾಯುತ್ತೆ, ಸಂಜೆಗೆ ಚಾಡಿ ಹೇಳುತ್ತೆ,
ನನ್ನ ಮೊದಲ ಗಂಡನ ಹಾಗೆ."

ಕಪ್ಪಿನ ಮೇಲೆ ಕೈಯಿಟ್ಟೆ. ತೆಗೆದೆ.

ಯಾಕೆಂದರೆ, ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ,
ಆ ಕಿಟಕಿ ನನಗೆ ಬೇಕು.
ಎರಡು ವರ್ಷದ ಹಿಂದೆ ಮಾವನ ಎಡಗಾಲು ಅರ್ಧ ಸತ್ತಿತು.
ಬುಧವಾರ, ಶನಿವಾರ, ಬಾಗಿಲು ಹಾಕಿಕೊಂಡು
ಒಬ್ಬರೇ ಮೀಯುತ್ತಾರೆ; ಯಾರ ಕೈಯೂ ಬೇಡ.
ನಾನು ಈರುಳ್ಳಿ ಹೆಚ್ಚುತ್ತೇನೆ. ಅಗತ್ಯಕ್ಕಿಂತ ಹೆಚ್ಚು ಈರುಳ್ಳಿ.
ತಲೆಯೆತ್ತಿ ನೋಡುವುದಿಲ್ಲ, ನೋಡದೆಯೂ ಇರುವುದಿಲ್ಲ.
ಕಣ್ಣ ಕೊನೆಯಲ್ಲಿ ಬೋಳುತಲೆಯೊಂದು
ಹಬೆಯೊಳಗೆ ಅಲುಗುತ್ತಿದ್ದರೆ ಸಾಕು,
ಎಣ್ಣೆಗೆ ಸುರಿಯುತ್ತೇನೆ.

ಮಂಜಿನದೇ ತಂದೆ, ಒಂದೂವರೆ ಮೀಟರು.
ಸೋಪಿನ ನೀರು ಚಿಮುಕಿಸಿ, ಹಾಳೆಯ ಬೆನ್ನು ಸುಲಿದು
ಅಡುಗೆಮನೆ ಕಡೆಯಿಂದ ಅಂಟಿಸಿದೆವು,
ಆ ಕಡೆಯಾದರೆ ಹಬೆಗೆ ಏಳುತ್ತದಂತೆ.
ಅವಧಿ ಮುಗಿದ ಬ್ಯಾಂಕ್ ಕಾರ್ಡಿನಲ್ಲಿ
ಅಕ್ಬೋತಾ ಗುಳ್ಳೆಗಳನ್ನು ಅಂಚಿಗೆ ಅಟ್ಟಿದಳು.
ಒಂದು ಮಾತ್ರ ಹೋಗಲಿಲ್ಲ, ಬಲಮೂಲೆಯಲ್ಲಿ, ಕಡಲೆಯಷ್ಟು.
ಆಮೇಲೆ ಪರೀಕ್ಷೆ. ನಾನು ಒಳಗೆ ನಿಂತು ಕೈಬೀಸಿದೆ:
"ಏನು ಕಾಣುತ್ತೆ?"
"ಗಾಜಿಗೆ ತಾಗಿದರೆ ಐದು ಬೆರಳು.
ಒಂದು ಹೆಜ್ಜೆ ಹಿಂದೆ, ಯಾರೋ.
ಎರಡು ಹೆಜ್ಜೆ ಹೋಗು... ಯಾರೂ ಇಲ್ಲ!"
ಅವಳಿಗೆ ಖುಷಿಯೋ ಖುಷಿ.
ನಾನು ಅಲ್ಲೇ ನಿಂತಿದ್ದೆ, ಯಾರೂ ಇಲ್ಲದ ಜಾಗದಲ್ಲಿ.

ಬುಧವಾರ ಬಂತು. ಮಾವ ಬಚ್ಚಲ ಬಾಗಿಲಲ್ಲಿ ನಿಂತು
ಹೊಸ ಬಿಳಿಯನ್ನು ನೋಡಿದರು,
ನನ್ನ ಹಲಗೆಯ ಮೇಲಿನ ಈರುಳ್ಳಿ ರಾಶಿ ನೋಡಿದರು.
ಮೂವತ್ತೊಂದು ವರ್ಷ ನೆಲದಡಿ ಕಲ್ಲಿದ್ದಲು ಕಡಿದವರು.
ಏನೂ ಕೇಳಲಿಲ್ಲ. ಕಾಲೆಳೆಯುತ್ತ ಕೋಣೆಗೆ ಹೋಗಿ
ಟಾರ್ಚು ತಂದು ಸೋಪಿನ ಗೂಡಲ್ಲಿಟ್ಟರು.
"ಕೆಳಗೆ ಮುಖ ಯಾರಿಗೆ ಕಾಣುತ್ತಿತ್ತು, ಸೊಸೆ.
ದೀಪ ನೋಡಿಯೇ ತಲೆಲೆಕ್ಕ.
ಎರಡು ಸಲ ಮಿನುಗಿದರೆ, ಇದ್ದೇನೆ.
ಮೂರು ಸಲ ಅಂದರೆ ಟವೆಲ್ ಮರೆತೆ."
"ನಾಲ್ಕಾದರೆ, ಅತಾ?" ಅಂತ ಮೊಮ್ಮಗಳು.
"ನಾಲ್ಕು ಹಾಕುವಷ್ಟು ಪುರುಸೊತ್ತಿದ್ದವನಿಗೆ ಏನು ಧಾಡಿ?"

ಈಗ ಈರುಳ್ಳಿ ಎರಡೇ ಸಾಕು.
ಬಾಣಲೆಗೆ ಒಡೆದ ಮೊಟ್ಟೆಯ ಹಾಗೆ
ಬಿಳಿ ಗಾಜಿನ ಮೇಲೆ ಹಳದಿ ಹರಡುತ್ತದೆ, ಅಡಗುತ್ತದೆ,
ಇನ್ನೊಮ್ಮೆ ಹರಡುತ್ತದೆ.
ಅದರ ಹಿಂದೆ ತಲೆಯಿಲ್ಲ, ಹೆಗಲಿಲ್ಲ,
ಮುದಿಮೈಯ ಸುಕ್ಕಿಲ್ಲ.

ಕಳೆದ ಭಾನುವಾರ ಅಕ್ಬೋತಾ ಒಳಗಿದ್ದಳು.
ಅಗುಳಿ ಭದ್ರ. ನೀರಿನ ಸದ್ದಿಲ್ಲ, ತುಂಬ ಹೊತ್ತು.
ಕರೆಯಬಾರದು, ಕರೆಯಬಾರದು ಅಂದುಕೊಂಡೇ
ಹಿಟ್ಟು ನಾದುತ್ತಿದ್ದೆ.
ಕಡಲೆಯಷ್ಟರ ಆ ಗುಳ್ಳೆಯ ಹತ್ತಿರ
ಟಾರ್ಚು ಒಂದೇ ಒಂದು ಸಲ ಹೊತ್ತಿತು, ಆರಿತು.

ಒಂದಕ್ಕೆ ಏನರ್ಥ ಅಂತ
ನಾವಿನ್ನೂ ಗೊತ್ತುಮಾಡಿಕೊಂಡಿಲ್ಲ.